ಪಾಲು ಕೇಳುವ ಮುನ್ನ ಪರಿಮಾಣ

ಶ್ರಾವಕನ ಹನ್ನೆರಡು ವ್ರತಗಳನ್ನು ಹೇಳುವಾಗ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಕೊನೆಯದಾಗಿ ಇರಿಸಿರುವುದು ಅತಿಥಿಸಂವಿಭಾಗವನ್ನು. ಇದನ್ನು ನಾವು ಸಾಮಾನ್ಯವಾಗಿ ತ್ಯಾಗಿಗಳಿಗೆ ನೀಡುವ ಆಹಾರದಾನ ಎಂದಷ್ಟೇ ತಿಳಿದಿದ್ದೇವೆ. ಆದರೆ ಪದವನ್ನು ಬಿಡಿಸಿ ನೋಡಿದರೆ ಅಲ್ಲಿ ದಾನವೆಂಬ ಮಾತಿಲ್ಲ. ವಿಭಾಗ ಎಂಬ ಮಾತಿದೆ, ಅದರ ಹಿಂದೆ ‘ಸಂ’ ಎಂಬ ಉಪಸರ್ಗವಿದೆ. ಸರಿಯಾಗಿ, ಯೋಗ್ಯವಾಗಿ ಪಾಲು ಮಾಡುವುದು ಎಂಬುದು ಅದರ ಅರ್ಥ. ಉಂಡು ಉಳಿದದ್ದನ್ನು ಕೊಟ್ಟರೆ ಅದು ಸಂವಿಭಾಗವಾಗುವುದಿಲ್ಲ. ತನಗಾಗಿ ಮಾಡಿಕೊಂಡ ಅಡುಗೆಯಲ್ಲಿಯೇ, ತಾನು ಉಣ್ಣುವ ಮೊದಲೇ, ಬರುವವರಿಗೆ ಒಂದು ಪಾಲಿದೆ ಎಂದು ಗೃಹಸ್ಥನು ಒಪ್ಪಿಕೊಂಡಿರಬೇಕು. ತಿಥಿ ಗೊತ್ತುಮಾಡಿ ಬರುವವನಲ್ಲವಾದ್ದರಿಂದಲೇ ಅವನು ಅತಿಥಿ. ನಮ್ಮ ಕಾಲದಲ್ಲಿ ಮಳೆಯೂ ಹೆಚ್ಚುಕಡಿಮೆ ಹಾಗೆಯೇ ಆಗಿದೆ.

ನದಿನೀರಿನ ಹಂಚಿಕೆ ಸರ್ಕಾರಗಳ ಮತ್ತು ನ್ಯಾಯಾಲಯಗಳ ಕೆಲಸ, ಧರ್ಮದ ಅಂಕಣಕ್ಕೆ ಅದೇಕೆ ಎಂದು ಕೇಳುವವರಿದ್ದಾರೆ. ಆದರೆ ನೀರಿನ ಹೆಸರಿನಲ್ಲಿ ಬಸ್ಸುಗಳು ಸುಟ್ಟಾಗ, ಆಡುವ ಭಾಷೆ ಬೇರೆ ಎಂಬ ಒಂದೇ ಕಾರಣಕ್ಕೆ ನೆರೆಹೊರೆಯವರು ಒಬ್ಬರಿಗೊಬ್ಬರು ಹೆದರಿದಾಗ, ಜೀವಗಳು ಹೋದಾಗ, ಅದು ಅಹಿಂಸೆಯ ವಿಷಯವೇ ಆಗಿಬಿಡುತ್ತದೆ. 1991ರ ಡಿಸೆಂಬರಿನಲ್ಲಿಯೂ 2016ರ ಸೆಪ್ಟೆಂಬರಿನಲ್ಲಿಯೂ ನಮ್ಮ ರಾಜ್ಯ ಇದನ್ನು ಕಂಡಿದೆ.

ಕಾವೇರಿಯ ಮಾತು ಬಂದಾಗ ತುಳುನಾಡಿನ ನಾವು ದೂರ ನಿಂತು ನೋಡುವವರಂತೆ ಇರುತ್ತೇವೆ. ನಮ್ಮ ಹೊಳೆಗಳೆಲ್ಲ ಪಡುವಣಕ್ಕೆ ಹರಿಯುತ್ತವೆ, ಆ ವ್ಯಾಜ್ಯ ನಮ್ಮದಲ್ಲ ಎಂಬ ಭಾವನೆ. ಬೆಳ್ತಂಗಡಿ ತಾಲ್ಲೂಕಿನ ಮೂಡಣ ಅಂಚಿನಲ್ಲಿ, ಬಂಡಾಜೆ ಅರ್ಬಿಯ ಮೇಲುಭಾಗದಲ್ಲಿ, ಬಲ್ಲಾಳರಾಯನ ದುರ್ಗವಿದೆ. ಆ ಬೆಟ್ಟಸಾಲಿನ ಪಡುವಣ ಮಗ್ಗುಲಿಗೆ ಬಿದ್ದ ಮಳೆ ನೇತ್ರಾವತಿಯನ್ನು ಸೇರಿ, ಬಂಟ್ವಾಳವನ್ನು ಹಾದು, ಮಂಗಳೂರಿನಲ್ಲಿ ಕಡಲಿಗೆ ಇಳಿಯುತ್ತದೆ. ಮೂಡಣ ಮಗ್ಗುಲಿಗೆ ಬಿದ್ದದ್ದು ಮೂಡಿಗೆರೆ ಸೀಮೆಯಲ್ಲಿ ಹೇಮಾವತಿಯಾಗಿ, ಗೊರೂರಿನ ಜಲಾಶಯವನ್ನು ದಾಟಿ, ಕಾವೇರಿಯನ್ನು ಕೂಡಿ, ಬಿಳಿಗುಂಡ್ಲುವಿನ ಬಳಿ ತಮಿಳುನಾಡನ್ನು ಹೊಕ್ಕು ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಒಂದೇ ಮೋಡದ ನೀರು. ಗಾಳಿ ತುಸು ಆಚೆ ಬೀಸಿದರೆ ಅದು ಕಾವೇರಿ, ಈಚೆ ಬೀಸಿದರೆ ನೇತ್ರಾವತಿ. ಇದರಲ್ಲಿ ಯಾವ ಹನಿ ಯಾರ ಸ್ವತ್ತು?

ಕಾವೇರಿಯ ಕತೆಯನ್ನು ಸಂಕ್ಷೇಪವಾಗಿ ನೆನೆಯೋಣ. 1892ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದರಾಸು ಪ್ರಾಂತಕ್ಕೂ ಮೊದಲ ಒಪ್ಪಂದವಾಯಿತು, 1924ರಲ್ಲಿ ಎರಡನೆಯದು. ಐವತ್ತು ವರ್ಷಗಳ ಬಳಿಕ ಮರುಪರಿಶೀಲನೆಯಾಗಬೇಕೆಂಬ ಮಾತು ಅದರಲ್ಲಿತ್ತು. 1974 ಬಂದಿತು, ಹೋಯಿತು, ಹೊಸ ಒಪ್ಪಂದವಾಗಲಿಲ್ಲ. 1990ರಲ್ಲಿ ನ್ಯಾಯಮಂಡಳಿ ರಚನೆಯಾಯಿತು. ಮರುವರ್ಷ ಅದು ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಅಡಿ ನೀರು ಹರಿಯಬೇಕೆಂದು ಮಧ್ಯಂತರ ಆದೇಶವನ್ನು ಕೊಟ್ಟಿತು. ಅಂತಿಮ ತೀರ್ಪು ಬರುವ ಹೊತ್ತಿಗೆ 2007ರ ಫೆಬ್ರವರಿ. (ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಲೀಟರಿನಲ್ಲಿ ಹೇಳುವುದಾದರೆ ಸುಮಾರು 2,830 ಕೋಟಿ ಲೀಟರು. ಮಕ್ಕಳಿಗೆ ಲೆಕ್ಕ ಬಿಡಿಸಿ ಹೇಳಿದ ಅಭ್ಯಾಸ ನಿವೃತ್ತಿಯ ನಂತರವೂ ಬಿಡುವುದಿಲ್ಲ.)

ಆ ನ್ಯಾಯಮಂಡಳಿ ಕಂಡುಕೊಂಡಂತೆ ಸಾಮಾನ್ಯ ವರ್ಷವೊಂದರಲ್ಲಿ ಕಾವೇರಿ ಕಣಿವೆಯಲ್ಲಿ ದೊರೆಯುವ ನೀರು 740 ಟಿಎಂಸಿ. ಅದರ ಮುಂದೆ ಬಂದ ಬೇಡಿಕೆಗಳನ್ನು ನೋಡಿ. ತಮಿಳುನಾಡು ಕೇಳಿದ್ದು 562, ಕರ್ನಾಟಕ ಕೇಳಿದ್ದು 465. ಈ ಎರಡನ್ನೇ ಕೂಡಿದರೂ 1,027 ಆಗುತ್ತದೆ. ಕೇರಳ, ಪುದುಚೇರಿಗಳ ಮಾತು ಇನ್ನೂ ಬಂದಿಲ್ಲ. ನದಿಯಲ್ಲಿ ಇರುವುದಕ್ಕಿಂತ ಹೆಚ್ಚಿನದನ್ನು ಇಬ್ಬರೇ ಕೇಳಿದ್ದರು. ವಕೀಲರು ಇದನ್ನು ವಾದದ ರೀತಿ ಎನ್ನಬಹುದು: ಹೆಚ್ಚು ಕೇಳಿದರೆ ತಾನೇ ಅಷ್ಟಾದರೂ ಸಿಕ್ಕೀತು. ಆಗಮವು ಇದಕ್ಕೆ ಇಟ್ಟಿರುವ ಹೆಸರು ಬೇರೆ. ಇಚ್ಛೆಗೆ ಮೇರೆಯಿಲ್ಲದಿರುವುದನ್ನೇ ಅದು ಪರಿಗ್ರಹ ಎನ್ನುತ್ತದೆ. ಮೂರ್ಛೆಯೇ ಪರಿಗ್ರಹ ಎಂದು ಆಚಾರ್ಯರು ಹೇಳಿದ್ದರ ತಾತ್ಪರ್ಯ ಇದೇ. ವಸ್ತು ಕೈಗೆ ಬಾರದಿದ್ದರೂ ‘ನನ್ನದು’ ಎಂಬ ಅಂಟು ಸಾಕು.

ಅದಕ್ಕೆ ಗೃಹಸ್ಥನಿಗೆ ಹೇಳಿದ ಪರಿಹಾರ ಸರ್ವತ್ಯಾಗವಲ್ಲ. ಅದು ಮುನಿಧರ್ಮ. ಗೃಹಸ್ಥನಿಗೆ ಪರಿಗ್ರಹ ಪರಿಮಾಣ, ಅಂದರೆ ಇಷ್ಟು ಹೊಲ, ಇಷ್ಟು ಮನೆ, ಇಷ್ಟು ಧಾನ್ಯ, ಇದರಾಚೆ ಬೇಡ ಎಂದು ತಾನೇ ಗೆರೆ ಎಳೆದುಕೊಳ್ಳುವುದು. ಪಾಲು ಕೇಳುವ ಮುನ್ನ ಪರಿಮಾಣವನ್ನು ಕಟ್ಟಿಕೊಳ್ಳಬೇಕು ಎಂಬುದು ಈ ವ್ರತದ ಕ್ರಮ. ನಮ್ಮ ರಾಜ್ಯಗಳು ಇದನ್ನು ತಿರುಗುಮುರುಗು ಮಾಡಿದವು. ಮೊದಲು ಪಾಲಿಗಾಗಿ ಹೋರಾಡಿದವು, ಪರಿಮಾಣವನ್ನು ಮೂರನೆಯವರು ಬಂದು ಹೇಳಬೇಕಾಯಿತು. ನ್ಯಾಯಮಂಡಳಿಯು ಕರ್ನಾಟಕಕ್ಕೆ 270, ತಮಿಳುನಾಡಿಗೆ 419, ಕೇರಳಕ್ಕೆ 30, ಪುದುಚೇರಿಗೆ 7 ಎಂದು ಹಂಚಿತು. ಕರ್ನಾಟಕದಲ್ಲಿ 18.85 ಲಕ್ಷ ಎಕರೆ, ತಮಿಳುನಾಡಿನಲ್ಲಿ 24.71 ಲಕ್ಷ ಎಕರೆ ನೀರಾವರಿ ಎಂದು ನೆಲಕ್ಕೂ ಲೆಕ್ಕ ಹಾಕಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 14.75 ಟಿಎಂಸಿಯಷ್ಟು ಹೆಚ್ಚಿಸಿ, ತಮಿಳುನಾಡಿನ ಪಾಲನ್ನು ಅಷ್ಟೇ ಇಳಿಸಿತು. ಬಿಳಿಗುಂಡ್ಲುವಿನಲ್ಲಿ ಹರಿಸಬೇಕಾದ ನೀರು 192ರಿಂದ 177.25ಕ್ಕೆ ಬಂದಿತು. ಆ ಹೆಚ್ಚುವರಿಯಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ಅಂತಾರಾಜ್ಯ ನದಿಯ ಮೇಲೆ ಯಾವ ಒಂದು ರಾಜ್ಯಕ್ಕೂ ಒಡೆತನವಿಲ್ಲ ಎಂದೂ ನ್ಯಾಯಾಲಯ ಹೇಳಿತು. ಅಪರಿಗ್ರಹದ ಅಂಶವೊಂದು ನಾಡಿನ ಕಾನೂನಿನಲ್ಲಿ ಇಷ್ಟು ನೇರವಾಗಿ ಬಂದದ್ದನ್ನು ನಾವು ಸಾಕಷ್ಟು ಗಮನಿಸಲಿಲ್ಲವೆಂದೇ ನನ್ನ ಭಾವನೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಮನೆಯಂಗಳದ ಬಾವಿಯ ನೀರು ಕುಡಿದು, ತಿಂಗಳಿಗೆ ಪಿಂಚಣಿ ಪಡೆಯುವವನು ಮಂಡ್ಯದ ರೈತನಿಗೆ ಅಪರಿಗ್ರಹವನ್ನು ಬೋಧಿಸಬಹುದೇ? ಗದ್ದೆಯಲ್ಲಿ ನಿಂತ ಪೈರು ಒಣಗುತ್ತಿರುವಾಗ ಅಣೆಕಟ್ಟಿನ ನೀರು ಕೆಳಗೆ ಹರಿದುಹೋಗುವುದನ್ನು ನೋಡುವವನ ಸಂಕಟ ಸುಳ್ಳೇ? ಖಂಡಿತ ಸುಳ್ಳಲ್ಲ. ತಂಜಾವೂರಿನ ಬಯಲಿನಲ್ಲಿ ಕುರುವೈ ಬೆಳೆಗೆ ನೀರು ಬಾರದೆ ಕುಳಿತವನ ಸಂಕಟವೂ ಸುಳ್ಳಲ್ಲ. ಜೈನಧರ್ಮವು ಹಿಂಸೆಯನ್ನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಬದುಕಿನ ಸಲುವಾಗಿ ನಡೆಯುವ ಆರಂಭಿ, ಉದ್ಯೋಗಿ ಹಿಂಸೆ ಬೇರೆ, ಪ್ರಯೋಜನವಿಲ್ಲದೆ ನಡೆಯುವ ಅನರ್ಥದಂಡ ಬೇರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ ನೀರನ್ನು ನಿಷ್ಪ್ರಯೋಜನವಾಗಿ ಬಳಸುವುದನ್ನು ಹೆಸರಿಸಿಯೇ ಸೇರಿಸಿದ್ದಾರೆ. ಆದ್ದರಿಂದ ತ್ಯಾಗದ ಮಾತು ರೈತನಿಂದ ಆರಂಭವಾಗಕೂಡದು. ಅದು ಕಾರು ತೊಳೆಯುವ ಪೈಪಿನಿಂದ, ನಗರದ ಹುಲ್ಲುಹಾಸಿನಿಂದ, ಒಡೆದ ಕೊಳವೆಯನ್ನು ತಿಂಗಳುಗಟ್ಟಲೆ ಹಾಗೆಯೇ ಬಿಡುವ ಆಡಳಿತದಿಂದ ಆರಂಭವಾಗಬೇಕು. ಇನ್ನೊಬ್ಬರ ಪರವಾಗಿ ವ್ರತ ಹಿಡಿಯಲು ನಮ್ಮ ಶಾಸ್ತ್ರದಲ್ಲಿ ಅವಕಾಶವಿಲ್ಲ.

ಇನ್ನು ನಮ್ಮ ಹೊಳೆಯ ವಿಷಯಕ್ಕೆ ಬರುತ್ತೇನೆ. ಸಕಲೇಶಪುರ ತಾಲ್ಲೂಕಿನ ಎತ್ತಿನಹೊಳೆ, ಕಾಡುಮನೆ ಹೊಳೆ ಮೊದಲಾದ ತೊರೆಗಳ ಮಳೆಗಾಲದ ನೀರನ್ನು ಮೇಲಕ್ಕೆತ್ತಿ, ಘಟ್ಟದ ಆಚೆಗೆ ತಿರುಗಿಸಿ, ಕೋಲಾರ, ಚಿಕ್ಕಬಳ್ಳಾಪುರ ಮುಂತಾದ ಬಯಲುಸೀಮೆಯ ಜಿಲ್ಲೆಗಳಿಗೆ ಒಯ್ಯುವ ಯೋಜನೆಗೆ 2014ರಲ್ಲಿ ಶಿಲಾನ್ಯಾಸವಾಯಿತು. ಅದರ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾಯಿತು. ಯೋಜನೆಯ ಲೆಕ್ಕದಲ್ಲಿ 24.01 ಟಿಎಂಸಿ: ಸುಮಾರು 14 ಕುಡಿಯಲು, ಉಳಿದದ್ದು ಕೆರೆ ತುಂಬಿಸಲು. ಈ ತೊರೆಗಳ ನೀರು ಗುಂಡ್ಯ ಹೊಳೆ, ಕುಮಾರಧಾರೆಗಳ ಮೂಲಕ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡತಕ್ಕದ್ದು. ಕರಾವಳಿಯಲ್ಲಿ ಇದರ ವಿರುದ್ಧ ಎದ್ದ ದನಿಯನ್ನು ಓದುಗರೆಲ್ಲ ಬಲ್ಲರು.

ಈಗ ವಾದಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಕಾವೇರಿಯಲ್ಲಿ ಕನ್ನಡಿಗರಾದ ನಾವು ‘ನೀರು ಹುಟ್ಟುವುದು ನಮ್ಮಲ್ಲಿ, ಮೊದಲ ಹಕ್ಕು ನಮ್ಮದು’ ಎನ್ನುತ್ತೇವೆ. ನೇತ್ರಾವತಿಯಲ್ಲಿ, ನೀರು ಹುಟ್ಟುವುದು ಹಾಸನ ಜಿಲ್ಲೆಯಲ್ಲಾದರೂ, ‘ತಲೆತಲಾಂತರದಿಂದ ಹರಿದುಬಂದ ನೀರು ಕೆಳಗಿನವರಾದ ನಮಗೆ ತಪ್ಪಬಾರದು’ ಎನ್ನುತ್ತೇವೆ. ಈ ಎರಡನೆಯದು ಅಕ್ಷರಶಃ ತಮಿಳುನಾಡಿನ ವಾದ. ಮಹಾದಾಯಿಯಲ್ಲಿ ಗೋವೆಯವರು ಅದನ್ನೇ ನಮಗೆ ಹೇಳುತ್ತಿದ್ದಾರೆ. ಅಲ್ಲಿ 2018ರಲ್ಲಿ ನ್ಯಾಯಮಂಡಳಿ ನಮಗೆ 13.42 ಟಿಎಂಸಿ ಕೊಟ್ಟಾಗ ನಾವು ಮೇಲಿನವರು. ಕೃಷ್ಣೆಯಲ್ಲಿ ಮಹಾರಾಷ್ಟ್ರಕ್ಕೆ ಕೆಳಗಿನವರು, ತೆಲಂಗಾಣ, ಆಂಧ್ರಗಳಿಗೆ ಮೇಲಿನವರು. ಒಂದೇ ನಾಡು, ಒಂದೇ ಜನ, ನಿಂತ ದಡಕ್ಕೆ ತಕ್ಕಂತೆ ನ್ಯಾಯವೂ ಬದಲಾಗುತ್ತದೆ. ಪ್ರತಿಯೊಂದು ನಯದಲ್ಲಿಯೂ ಸತ್ಯದ ಅಂಶವಿದೆ, ಅದೇ ಪೂರ್ಣಸತ್ಯವೆಂದು ಹಟಹಿಡಿದಾಗ ಅದು ದುರ್ನಯವಾಗುತ್ತದೆ ಎಂದು ಅನೇಕಾಂತವಾದವನ್ನು ಕಲಿಸುವಾಗ ಹೇಳುತ್ತಾರೆ. ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಅನೇಕಾಂತವೆಂದರೆ ಎಲ್ಲರೂ ಸಮಾನವಾಗಿ ಸರಿ ಎಂದು ಕೈತೊಳೆದುಕೊಳ್ಳುವುದೂ ಅಲ್ಲ. ಬಂಟ್ವಾಳದಲ್ಲಿ ನಿಂತು ಆಡುವ ಮಾತನ್ನು ಬಿಳಿಗುಂಡ್ಲುವಿನಲ್ಲಿ ನಿಂತೂ ಆಡಲು ಸಿದ್ಧನಿದ್ದೇನೆಯೇ ಎಂದು ಪ್ರತಿಯೊಬ್ಬನೂ ಪರೀಕ್ಷಿಸಿಕೊಳ್ಳಬೇಕು.

ಸತ್ಯಾಣುವ್ರತಕ್ಕೆ ಸಂಬಂಧಿಸಿದ ಒಂದು ಮಾತು. 2019ರ ಮೇ ತಿಂಗಳಿನಲ್ಲಿ ನೇತ್ರಾವತಿ ಬತ್ತಿ, ಧರ್ಮಸ್ಥಳದ ಧರ್ಮಾಧಿಕಾರಿ ಡಾ. ವೀರೇಂದ್ರ ಹೆಗ್ಗಡೆಯವರು ಭಕ್ತರು ಕೆಲವು ದಿನ ತಮ್ಮ ಪ್ರವಾಸವನ್ನು ಮುಂದೂಡಬೇಕೆಂದು ಕೇಳಿಕೊಂಡದ್ದು ನೆನಪಿರಬಹುದು. ಅನ್ನದಾನಕ್ಕೆ ಹೆಸರಾದ ಕ್ಷೇತ್ರವೊಂದು ಅತಿಥಿಗಳಿಗೆ ಈಗ ಬೇಡ ಎನ್ನಬೇಕಾಗಿ ಬಂದ ದಿನ ಅದು. ಆ ಬರವನ್ನು ಎತ್ತಿನಹೊಳೆಯ ತಲೆಗೆ ಕಟ್ಟುವ ಮಾತು ಇಂದಿಗೂ ಅಲ್ಲಲ್ಲಿ ಕೇಳಿಬರುತ್ತದೆ. ಆಗ ಯೋಜನೆಯ ನೀರು ಹರಿಯಲು ಆರಂಭವೇ ಆಗಿರಲಿಲ್ಲ. ಅಲ್ಲದೆ ಆ ತೊರೆಗಳ ನೀರು ನೇತ್ರಾವತಿಯನ್ನು ಸೇರುವುದು ಧರ್ಮಸ್ಥಳದಿಂದ ಕೆಳಗೆ, ಉಪ್ಪಿನಂಗಡಿಯಲ್ಲಿ. ಯೋಜನೆಯನ್ನು ಪ್ರಶ್ನಿಸಲು ನಿಜವಾದ ಕಾರಣಗಳಿರುವಾಗ ಇಲ್ಲದ ಕಾರಣವನ್ನು ಸೇರಿಸಬೇಕಾಗಿಲ್ಲ.

ನಿಜವಾದ ಕಾರಣಗಳಲ್ಲಿ ಮುಖ್ಯವಾದದ್ದು ಅಳತೆ. ಅಚೌರ್ಯ ವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ ಎಂಬುದೊಂದಿದೆ: ಕೊಡುವಾಗ ಕಿರಿದಾದ, ಕೊಳ್ಳುವಾಗ ಹಿರಿದಾದ ಅಳತೆಯನ್ನು ಬಳಸುವುದು. ಅಂಗಡಿಯ ಸೇರು, ತಕ್ಕಡಿಗಳಿಗೆ ಹೇಳಿದ ಮಾತು ನದಿಗೂ ಸಲ್ಲುತ್ತದೆ. ಎತ್ತಿನಹೊಳೆಯಲ್ಲಿ 24.01 ಟಿಎಂಸಿ ಸಿಗುತ್ತದೆಂದು ಯೋಜನೆ ಹೇಳಿದರೆ, ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದು ಅಲ್ಲಿರುವುದು 9.55 ಟಿಎಂಸಿ ಮಾತ್ರ ಎಂದು ಲೆಕ್ಕ ಕೊಟ್ಟಿತು. ಇಷ್ಟು ಅಂತರವಿರುವಾಗ ಮೋಸಹೋಗುವವರು ಕರಾವಳಿಯವರಷ್ಟೇ ಅಲ್ಲ. ಫ್ಲೋರೈಡ್ ತುಂಬಿದ ಕೊಳವೆಬಾವಿಯ ನೀರು ಕುಡಿದು ದಶಕಗಳಿಂದ ಕಾದಿರುವ ಕೋಲಾರದ ತಾಯಂದಿರಿಗೆ ಇಲ್ಲದ ನೀರಿನ ಆಸೆಯನ್ನು ತೋರಿಸಿದಂತಾಗುತ್ತದೆ. ಅವರ ಬಾಯಾರಿಕೆಯನ್ನು ನಾವು ‘ಅವರ ಸಮಸ್ಯೆ’ ಎಂದು ಬದಿಗಿರಿಸುವುದು ಎಷ್ಟು ತಪ್ಪೋ, ನೀರನ್ನು ಅಳೆಯದೆ ಮಾತು ಕೊಡುವುದೂ ಅಷ್ಟೇ ತಪ್ಪು. ನೀರು ಹುಟ್ಟುವಲ್ಲಿ, ಎತ್ತುವಲ್ಲಿ, ಕೆಳಗೆ ಬಂಟ್ವಾಳದಲ್ಲಿ ದಿನದಿನದ ಅಳತೆ ಎಲ್ಲರ ಕಣ್ಣಿಗೂ ಬೀಳುವಂತಿರಬೇಕು.

ಈ ವಿವಾದಗಳಲ್ಲೆಲ್ಲ ನನ್ನನ್ನು ಅತ್ಯಂತ ಕಾಡುವ ಮಾತು ‘ಸಮುದ್ರಕ್ಕೆ ವ್ಯರ್ಥವಾಗಿ ಹರಿದುಹೋಗುವ ನೀರು’. ವೇದಿಕೆಯಿಂದ ವೇದಿಕೆಗೆ ಇದನ್ನು ಎಲ್ಲ ಪಕ್ಷದವರೂ ಹೇಳುತ್ತಾರೆ. ನೀರೇ ಕಾಯವಾಗಿರುವ ಜೀವಗಳಿವೆ ಎಂದು ನಂಬುವ ಏಕೈಕ ಪರಂಪರೆ ಬಹುಶಃ ನಮ್ಮದು. ಜಲಕಾಯಿಕ ಜೀವ, ಅದರಲ್ಲಿ ನೆಲೆಸಿದ ತ್ರಸಜೀವಗಳು, ಅಳಿವೆಯಲ್ಲಿ ಸಿಹಿನೀರು ಉಪ್ಪುನೀರುಗಳು ಬೆರೆಯುವಲ್ಲಿ ಮೊಟ್ಟೆಯಿಡುವ ಮೀನು, ಇವೆಲ್ಲಕ್ಕೂ ಹೊಳೆಯ ಹರಿವೇ ಬಾಳು. ಜೀವಗಳು ಪರಸ್ಪರ ಉಪಕಾರದಿಂದ ಬದುಕುತ್ತವೆ ಎಂಬುದನ್ನು ಪೀಠದ ಕೆಳಗೆ ಬರೆಸಿಕೊಂಡ ಸಮಾಜ ಈ ‘ವ್ಯರ್ಥ’ವನ್ನು ಒಪ್ಪಿಕೊಳ್ಳುವುದಾದರೂ ಹೇಗೆ? ಕಾವೇರಿಯ 740 ಟಿಎಂಸಿಯಲ್ಲಿ ನ್ಯಾಯಮಂಡಳಿ ಪರಿಸರದ ರಕ್ಷಣೆಗೆ 10, ತಡೆಯಲಾಗದೆ ಕಡಲಿಗೆ ಹೋಗುವುದೆಂದು 4 ಟಿಎಂಸಿ ಬಿಟ್ಟಿತು. ನೂರರಲ್ಲಿ ಎರಡು ಪಾಲೂ ಇಲ್ಲ. ನದಿಯ ಪಾಲನ್ನು ಕೇಳಲು ವಕೀಲರಿರಲಿಲ್ಲ.

ನಮ್ಮ ಹಿರಿಯರ ಮನೆಗಳಲ್ಲಿ ನೀರನ್ನು ದಪ್ಪ ಬಟ್ಟೆಯ ಎರಡು ಪದರದಲ್ಲಿ ಸೋಸಿ ಬಳಸುತ್ತಿದ್ದರು. ಹೊರಗಿನವರಿಗೆ ಕಾಣುವುದು ಅಷ್ಟೇ. ಆಚಾರ ಅಲ್ಲಿಗೆ ಮುಗಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಯಾವ ಬಾವಿಯಿಂದ ನೀರು ತಂದಿತ್ತೋ ಆ ಬಾವಿಗೇ ಮೆಲ್ಲನೆ ಇಳಿಸಿ ಬಿಡಬೇಕು. ಬೇರೆ ಬಾವಿಯೂ ಆಗದು, ಅಂಗಳಕ್ಕೆ ಚೆಲ್ಲುವುದಂತೂ ಆಗಲೇ ಆಗದು. ತೆಗೆದುಕೊಂಡಲ್ಲಿಗೆ ಅದರ ಪಾಲನ್ನು ಹಿಂದಿರುಗಿಸಿದ ಮೇಲೆಯೇ ಉಳಿದದ್ದು ನನ್ನ ಬಳಕೆಗೆ. ಅಣೆಕಟ್ಟುಗಳ ಕೆಳಗೆ ಬೇಸಿಗೆಯಲ್ಲಿಯೂ ಇಂತಿಷ್ಟು ನೀರು ಹರಿಯಲೇಬೇಕೆಂದು ಈಗಿನ ವಿಜ್ಞಾನಿಗಳು ಹೇಳುವಾಗ ನನಗೆ ಕಾಣುವುದು ಆ ಬಾವಿಕಟ್ಟೆಯೇ.

ಎಲ್ಲ ಹಂಚಿಕೆಗಳೂ ಮುರಿದುಬೀಳುವುದು ಮಳೆ ಕೈಕೊಟ್ಟ ವರ್ಷ. ಕೊರತೆಯ ವರ್ಷದಲ್ಲಿ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಇಳಿಯಬೇಕೆಂದು 2007ರ ತೀರ್ಪಿನಲ್ಲಿದೆ. ಅದನ್ನು ತಿಂಗಳು ತಿಂಗಳ ಲೆಕ್ಕಕ್ಕೆ ಇಳಿಸಿ, ಇಬ್ಬರೂ ಒಪ್ಪಿದ ಸಂಕಷ್ಟ ಸೂತ್ರವನ್ನಾಗಿ ಮಾಡುವ ಕೆಲಸ ಮಾತ್ರ ಆಗಿಲ್ಲ. 2023ರಲ್ಲಿ ಮುಂಗಾರು ಸೋತಿತು. ಹದಿನೈದು ದಿನ, ದಿನಕ್ಕೆ 5,000 ಕ್ಯೂಸೆಕ್ ಬಿಡಬೇಕೆಂಬ ಆದೇಶದ ಸುತ್ತ ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್ ನಡೆದವು. ಲೆಕ್ಕ ಹಾಕಿದರೆ ಅದು ಸುಮಾರು ಆರೂವರೆ ಟಿಎಂಸಿ. ತುಂಬಿದ ಜಲಾಶಯದಲ್ಲಿ ಅದು ಕಣ್ಣಿಗೆ ಕಾಣದು, ಬತ್ತಿದ ಜಲಾಶಯದಲ್ಲಿ ಅದೇ ಪ್ರಾಣ. ಮರುವರ್ಷ ಮಳೆ ಸಮೃದ್ಧವಾಗಿ ಬಂದು ನಿಗದಿಗಿಂತ ಹೆಚ್ಚು ನೀರು ತಾನಾಗಿಯೇ ಗಡಿ ದಾಟಿತು. ಎಲ್ಲರೂ ಸುಮ್ಮನಾದರು. ಸೂತ್ರವನ್ನು ಬರೆಯಲು ಅದೇ ತಕ್ಕ ಸಮಯವಾಗಿತ್ತು. ಉಪವಾಸದ ನಿಯಮವನ್ನು ಯಾರೂ ಹಸಿವು ಏರಿದ ಮೇಲೆ ಹಿಡಿಯುವುದಿಲ್ಲ. ಹಿಂದಿನ ದಿನವೇ, ಉಂಡ ಹೊಟ್ಟೆಯಲ್ಲಿ, ಸಂಕಲ್ಪ ಮಾಡುತ್ತಾರೆ.

ಇದನ್ನು ದಿಲ್ಲಿ, ಬೆಂಗಳೂರು, ಚೆನ್ನೈಗಳಿಗೆ ಹೇಳುವ ಮೊದಲು ನಾವೇ ಮಾಡಿ ತೋರಿಸಲು ಅವಕಾಶವಿದೆ. ಬಂಟ್ವಾಳ ತಾಲ್ಲೂಕಿನ ತುಂಬೆಯ ಕಿಂಡಿ ಅಣೆಕಟ್ಟಿನಿಂದಲೇ ಮಂಗಳೂರು ನಗರ ನೀರು ಕುಡಿಯುವುದು. ಬೇಸಿಗೆ ಬಿಗಿಯಾದ ವರ್ಷಗಳಲ್ಲಿ ನಗರಕ್ಕೆ ನೀರು ಸಾಲದೆ, ಮೇಲ್ಗಡೆಯ ಅಡಿಕೆ ತೋಟಗಳ ಪಂಪುಗಳಿಗೆ ನಿರ್ಬಂಧ ಬರುತ್ತದೆ. ಅಡಿಕೆ ಮರ ಒಂದು ಬೇಸಿಗೆ ಒಣಗಿದರೆ ಹಲವು ವರ್ಷದ ದುಡಿಮೆ ಹೋಯಿತು. ನಗರದವನಿಗೆ ಅದು ತಿಳಿಯದು. ಮೂರು ದಿನಕ್ಕೊಮ್ಮೆ ನಲ್ಲಿ ಬರುವ ಮನೆಯ ಕಷ್ಟ ತೋಟದವನಿಗೆ ತಿಳಿಯದು. ಕಾವೇರಿಯ ವ್ಯಾಜ್ಯವೇ ಸಣ್ಣ ಅಳತೆಯಲ್ಲಿ ಇಲ್ಲಿದೆ, ಭಾಷೆಯೊಂದು ಬೇರೆಯಾಗಿಲ್ಲ ಅಷ್ಟೇ. ನಮ್ಮ ಹಳ್ಳಿಗಳಲ್ಲಿ ಮಳೆಗಾಲದ ಬಳಿಕ ತೋಡುಗಳಿಗೆ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟುವ ರೂಢಿಯಿತ್ತು, ಕಾಸರಗೋಡಿನ ಏತಡ್ಕದಂತಹ ಕಡೆ ಇಂದಿಗೂ ಇದೆ. ಮೇಲಿನ ಕಟ್ಟ ತುಂಬಿ ಹೆಚ್ಚಾದದ್ದು ಕೆಳಗಿನ ಕಟ್ಟಕ್ಕೆ ಇಳಿಯುತ್ತದೆ, ಸೋರಿದ್ದೂ ಇಳಿಯುತ್ತದೆ, ಸುತ್ತಲಿನ ಬಾವಿಗಳೂ ತುಂಬುತ್ತವೆ. ಯಾರೊಬ್ಬರೂ ಹನಿ ಸೋರದಂತೆ ಬಿಗಿಯುವುದಿಲ್ಲ. ಕಟ್ಟುವ ಕೆಲಸಕ್ಕೆ ಮೇಲಿನ ಮನೆಯವರೂ ಕೆಳಗಿನ ಮನೆಯವರೂ ಒಟ್ಟಿಗೆ ಬರುತ್ತಾರೆ.

ಹಾಗೆಯೇ ತುಂಬೆಯ ವಿಷಯದಲ್ಲಿಯೂ ಆಗಬೇಕು. ಹೊಳೆ ಇನ್ನೂ ತುಂಬಿರುವ ನವೆಂಬರಿನಲ್ಲಿ ತೋಟದವರು, ಮಹಾನಗರ ಪಾಲಿಕೆಯವರು, ಬಂಟ್ವಾಳದ ಪುರಸಭೆಯವರು, ಅಳಿವೆಯ ಮೀನುಗಾರರು ಒಂದೆಡೆ ಕುಳಿತುಕೊಳ್ಳಲಿ. ನೀರಿನ ಮಟ್ಟ ಇಷ್ಟಕ್ಕೆ ಇಳಿದಾಗ ಪಂಪು ದಿನ ಬಿಟ್ಟು ದಿನ, ಇನ್ನಷ್ಟು ಇಳಿದಾಗ ನಗರಕ್ಕೂ ಅಷ್ಟೇ ಕಡಿತ, ಯಾವ ಮಟ್ಟದಲ್ಲಿಯೂ ಹೊಳೆಗೆ ಇಷ್ಟು ನೀರು ಬಿಡಲೇಬೇಕು ಎಂದು ಬರೆದು ಎಲ್ಲರೂ ಸಹಿ ಹಾಕಲಿ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಭೋಗೋಪಭೋಗದ ನಿಯಮ ಹಿಡಿಯುವ ಶ್ರಾವಕ ಶ್ರಾವಿಕೆಯರು ಸ್ನಾನದ ನೀರಿಗೂ ಒಂದು ಅಳತೆಯನ್ನು ಸೇರಿಸಿಕೊಳ್ಳಲಿ, ಮೂಡುಬಿದಿರೆಯ ಬಸದಿಗಳಲ್ಲಿ ಅದನ್ನು ನೆನಪಿಸಲಿ. ತುಂಬೆಯ ಗೇಟುಗಳನ್ನು ಇಳಿಸುವ ದಿನಕ್ಕೆ ಮೊದಲು ಆ ಸಭೆ ಕರೆಯುವ ಅಧಿಕಾರ ಜಿಲ್ಲಾಡಳಿತಕ್ಕಿದೆ, ಅದಕ್ಕೆ ಯಾವ ನ್ಯಾಯಮಂಡಳಿಯ ಅಪ್ಪಣೆಯೂ ಬೇಕಾಗಿಲ್ಲ.